ಫಲೂಜಾದಲ್ಲಿ ಸತ್ತ ಸಾರ್ಜೆಂಟ್ ಪೆರಾಲ್ಟಾ: ದೊಡ್ಡ ಪದಕ ಸಿಗದಿದ್ದರೆ ನೆನಪು ಕಮ್ಮಿಯಾಗುತ್ತಾ?

ಸುಮಾ_ಸ್ಯಾನ್‌ಡಿಯಾಗೊ

ಅಮೆರಿಕದಲ್ಲಿ ಸೇವೆಯಲ್ಲಿದ್ದು ಸತ್ತ ಸೈನಿಕರನ್ನು ನೆನೆಯೋ ಮೆಮೋರಿಯಲ್ ಡೇ ಹತ್ತಿರ ಬಂತಂದ್ರೆ ನಮ್ಮ ಕನ್ನಡ ಗುಂಪುಗಳಲ್ಲಿ ಓಡಾಡೋದು ಎರಡೇ ವಿಷಯ. ಲಾಂಗ್ ವೀಕೆಂಡಿಗೆ ಎಲ್ಲಿಗೆ ಹೋಗೋದು, ಯಾವ ಅಂಗಡೀಲಿ ಏನು ಸೇಲು. ಯಾರನ್ನೂ ಚುಚ್ಚೋಕೆ ಹೇಳ್ತಿಲ್ಲ, ನಮ್ಮನೇಲೂ ಅದೇ ಕಥೆ. ಈ ಸಲ ಮಾತ್ರ ನಮ್ಮೂರಿನ ಒಬ್ಬ ಹುಡುಗನ ಬಗ್ಗೆ ಬರೀತೀನಿ. ಅವನ ಬಗ್ಗೆ ಒಂದು ತಕರಾರೂ ಇದೆ, ನಿಮ್ಮ ಅಭಿಪ್ರಾಯ ಬೇಕು.

ಇಲ್ಲಿ ಸ್ಯಾನ್ ಡಿಯಾಗೋದಲ್ಲಿ ಕ್ಯಾಬ್ರಿಲೋ ಮಾನ್ಯುಮೆಂಟ್ ನೋಡೋಕೆ ಬಂದವರೆಲ್ಲ ಫೋರ್ಟ್ ರೋಸ್‌ಕ್ರಾನ್ಸ್ ಸೈನಿಕ ಸ್ಮಶಾನದ ನಡುವೆಯೇ ಕಾರು ಓಡಿಸಿರ್ತೀರಿ. ರಸ್ತೆಯ ಎರಡೂ ಬದಿ ಒಂದೇ ಅಳತೆಯ ಬಿಳಿ ಕಲ್ಲುಗಳ ಸಾಲು, ಒಂದು ಕಡೆ ಪೆಸಿಫಿಕ್, ಇನ್ನೊಂದು ಕಡೆ ಕೊಲ್ಲಿ. ಅಲ್ಲಿ ಮಣ್ಣಾದವರಲ್ಲಿ ಒಬ್ಬ ಸಾರ್ಜೆಂಟ್ ರಫಾಯೆಲ್ ಪೆರಾಲ್ಟಾ. ಮರೀನ್. ಸತ್ತಾಗ 25 ವರ್ಷ.

ಹುಟ್ಟಿದ್ದು 1979ರಲ್ಲಿ, ಮೆಕ್ಸಿಕೋ ಸಿಟಿಯಲ್ಲಿ. ಓದಿದ್ದು ಸ್ಯಾನ್ ಡಿಯಾಗೋದ ಮೋರ್ಸ್ ಹೈಸ್ಕೂಲಿನಲ್ಲಿ. 2000ದಲ್ಲಿ ಗ್ರೀನ್ ಕಾರ್ಡ್ ಕೈಗೆ ಬಂದ ದಿನವೇ ಮರೀನ್ ಕೋರ್‌ಗೆ ಹೆಸರು ಕೊಟ್ಟ. ಪೌರತ್ವ ಸಿಕ್ಕಿದ್ದು ಸಮವಸ್ತ್ರ ಹಾಕಿದ ಮೇಲೆ. ನಾವು ಗ್ರೀನ್ ಕಾರ್ಡ್ ಬಂದ ದಿನ ಏನು ಮಾಡಿದ್ವಿ ಅಂತ ಯೋಚಿಸಿ ನೋಡಿ. ನಾವಂತೂ ಸತ್ಯನಾರಾಯಣ ಪೂಜೆ ಮಾಡಿಸಿದ್ವಿ.

ಅವನ ಮನೆಯ ಕೋಣೆಯ ಗೋಡೆ ಮೇಲೆ ಇದ್ದದ್ದು ಮೂರೇ: ಅಮೆರಿಕದ ಸಂವಿಧಾನದ ಪ್ರತಿ, ಬಿಲ್ ಆಫ್ ರೈಟ್ಸ್‌ನ ಪ್ರತಿ, ಬೂಟ್ ಕ್ಯಾಂಪ್ ಅನ್ನೋ ಮೊದಲ ಸೇನಾ ತರಬೇತಿ ಮುಗಿಸಿದ ಸರ್ಟಿಫಿಕೇಟು.

2004ರ ನವೆಂಬರ್. ಇರಾಕಿನ ಫಲೂಜಾ. ಅವನು ಒಂದನೇ ಬೆಟಾಲಿಯನ್, ಮೂರನೇ ಮರೀನ್ಸ್‌ನ ಆಲ್ಫಾ ಕಂಪನಿಯವನು. ದಿನಗಟ್ಟಲೆ ಮನೆಮನೆ ಹೊಕ್ಕು ಹುಡುಕೋ ಕೆಲಸ. ಒಂದು ಸ್ಕ್ವಾಡಿನಲ್ಲಿ ಜನ ಕಮ್ಮಿ ಬಿದ್ದಿದ್ರು, ನಾನು ಬರ್ತೀನಿ ಅಂತ ತಾನಾಗೇ ಸೇರಿಕೊಂಡ. 14ರ ರಾತ್ರಿ ಉಳಿದವರು ಸ್ವಲ್ಪ ಹೆಚ್ಚು ನಿದ್ದೆ ಮಾಡ್ಲಿ ಅಂತ ಕಾವಲಿಗೂ ತಾನೇ ನಿಂತ. ಮರುದಿನ, 15ನೇ ತಾರೀಖು, ಆ ದಿನದ ಏಳನೇ ಮನೆ. ಮುಂದಿದ್ದವನು ಹಿಂಬದಿ ಕೋಣೆಯ ಬಾಗಿಲು ತೆಗೆದದ್ದೇ ತಡ, ಒಳಗಿಂದ ಗುಂಡು. ಪೆರಾಲ್ಟಾ ಗುಂಡು ತಗುಲಿ ಬಿದ್ದ. ಒಳಗಿದ್ದವರು ಓಡಿಹೋಗ್ತಾ ಒಂದು ಗ್ರನೇಡ್ ಎಸೆದ್ರು, ಅದು ಅವನ ತಲೆ ಹತ್ತಿರ ಬಂದು ನಿಂತಿತು. ಜೊತೆಗಿದ್ದವರು ಹೇಳಿದ ಪ್ರಕಾರ ಅವನು ಕೈ ಚಾಚಿ ಅದನ್ನು ಮೈಗೆ ಎಳ್ಕೊಂಡ. ಸ್ಫೋಟ ಅವನ ಮೈ ಮೇಲಾಯ್ತು, ಕೆಲವೇ ಅಡಿ ದೂರದಲ್ಲಿದ್ದವರು ಉಳಿದ್ರು.

ಮರೀನ್ ಕೋರ್ ಅವನ ಹೆಸರನ್ನು ಅಮೆರಿಕದ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್‌ಗೆ ಶಿಫಾರಸು ಮಾಡ್ತು. 2008ರಲ್ಲಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಒಪ್ಪಲಿಲ್ಲ. ತಲೆಗೆ ಪೆಟ್ಟಾದವನು ಪ್ರಜ್ಞಾಪೂರ್ವಕವಾಗಿ ಗ್ರನೇಡ್ ಎಳೆದುಕೊಳ್ಳೋಕೆ ಸಾಧ್ಯವಿತ್ತಾ ಅನ್ನೋ ಅನುಮಾನ. ಅದರ ಬದಲು ನೇವಿ ಕ್ರಾಸ್ ಕೊಟ್ರು, ಅದು ಎರಡನೇ ದರ್ಜೆಯದು. ತಾಯಿ ವರ್ಷಗಟ್ಟಲೆ ಅದನ್ನು ತಗೊಳ್ಳಲೇ ಇಲ್ಲ.

ನನ್ನ ಪ್ರಶ್ನೆ ಇಷ್ಟೇ. ಇವತ್ತು ಅವನ ಹೆಸರು ಹುಡುಕಿದ್ರೆ ಬರೋದೆಲ್ಲ ಪದಕದ ಜಗಳ. ಹುಡುಗ ಎಲ್ಲಿ ಹೋದ?

ಧಾರವಾಡ_ಫೇಡೆ

ಅಕ್ಕಾರ, ಛಲೋ ಬರದೀರಿ. ಓದಿ ಒಂದ್ ಕ್ಷಣ ಸುಮ್ನ ಕುಂತೆ. ಒಂದ್ ಸಣ್ಣ ಡೌಟ್ ಐತ್ರಿ. ಈ ಮರೀನ್ ಅಂದ್ರ ನೇವಿಯವರೋ, ಆರ್ಮಿಯವರೋ? ಹಡಗಿನ ಮ್ಯಾಲ ಇರೋರು ಮರಳುಗಾಡಿನ್ಯಾಗ ಮನಿ ಹೊಕ್ಕು ಹುಡುಕೂದು ಯಾಕ?

ಹಳೇಸ್ಯಾಪರ್

ಅವರು ಎರಡೂ ಅಲ್ಲ. 1775ರ ನವೆಂಬರ್ 10ರಂದು ಫಿಲಡೆಲ್ಫಿಯಾದಲ್ಲಿ ಶುರುವಾದ ಪ್ರತ್ಯೇಕ ಪಡೆ, ಆದರೆ ಆಡಳಿತ ನೌಕಾ ಇಲಾಖೆಯ ಕೆಳಗೆ. ಹಡಗಿನಿಂದ ಇಳಿದು ದಡ ಹಿಡಿಯುವುದು ಮೂಲ ಕಸುಬು. ಈಗ ಎಲ್ಲಿ ಕಳಿಸಿದರೂ ಹೋಗುವ ಕಾಲಾಳು ಪಡೆ ಅಂದುಕೊಳ್ಳಿ. ಅವರ ಗಾಯಾಳುಗಳನ್ನು ನೋಡಿಕೊಳ್ಳುವವರು ಮಾತ್ರ ನೌಕಾಪಡೆಯವರು. ಹೊಸಬರಿಗೆ 13 ವಾರದ ಬೂಟ್ ಕ್ಯಾಂಪ್, ಪ್ಯಾರಿಸ್ ಐಲೆಂಡಿನಲ್ಲಿ ಅಥವಾ ಇವರು ಹೇಳಿದ ಸ್ಯಾನ್ ಡಿಯಾಗೋದಲ್ಲಿ. ನಮ್ಮಲ್ಲಿ ಅದಕ್ಕೆ ಸರಿಸಮ ಪಡೆ ಇಲ್ಲ. ಮಾರ್ಕೋಸ್ ಇದ್ದಾರೆ, ಆದರೆ ಅವರು ನೌಕಾಪಡೆಯ ಕಮಾಂಡೋಗಳು, ಸಂಖ್ಯೆ ಬಹಳ ಸಣ್ಣದು.

ನಾನು ಹಲಸೂರು ಕೆರೆ ಪಕ್ಕದ ಎಂಇಜಿಯಲ್ಲಿ, ಅಂದರೆ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ, ತಯಾರಾದ ತಂಬಿ; ಅಲ್ಲಿನ ಸಿಪಾಯಿಗಳನ್ನು ಹಾಗೆ ಕರೆಯುತ್ತಾರೆ. ನಿವೃತ್ತನಾಗಿ ಬಹಳ ವರ್ಷವಾಯಿತು. ಸುಮಾ ಅವರ ಪ್ರಶ್ನೆಗೆ ನನ್ನ ಅನುಭವದಿಂದ ಒಂದು ಮಾತು: ಶೌರ್ಯ ಪದಕ ಅನ್ನುವುದು ಕಾಗದದ ಕೆಲಸ. ಯಾರು ಕಂಡರು, ಎಲ್ಲಿ ನಿಂತು ಕಂಡರು, ಆಗ ಬೆಳಕಿತ್ತಾ, ಇಬ್ಬರ ಹೇಳಿಕೆ ತಾಳೆಯಾಗುತ್ತದಾ. ಕಂಡವರೇ ಸತ್ತರೆ ಆ ಧೈರ್ಯ ಅಲ್ಲಿಗೇ ಮುಗಿಯಿತು. ಎಷ್ಟೋ ಹುಡುಗರು ಹಾಗೆ ಹೋಗಿದ್ದಾರೆ. ಹಾಗಂತ ಕಾಗದವನ್ನು ಬೈಯಬೇಡಿ. ಅದಿಲ್ಲದಿದ್ದರೆ ಪದಕ ಸಾಹೇಬರ ಮರ್ಜಿಗೆ ಸಿಕ್ಕುತ್ತಿತ್ತು.

ಸುಮಾ_ಸ್ಯಾನ್‌ಡಿಯಾಗೊ

ಸರ್, ನಮಸ್ಕಾರ. ಇಲ್ಲಿ ಕಂಡವರು ಇದ್ರು, ಅದೇ ವಿಚಿತ್ರ. ಅದೇ ಮನೆಯಲ್ಲಿದ್ದ ಮರೀನ್‌ಗಳು ಹೇಳಿಕೆ ಕೊಟ್ಟಿದ್ರು. ಗೇಟ್ಸ್ ನೇಮಿಸಿದ ಸಮಿತಿಯಲ್ಲಿ ಒಬ್ಬರು ನರಶಸ್ತ್ರಚಿಕಿತ್ಸಕರು, ಇಬ್ಬರು ವಿಧಿವಿಜ್ಞಾನದ ರೋಗಶಾಸ್ತ್ರಜ್ಞರು ಇದ್ರು, ಜೊತೆಗೆ ಇರಾಕಿನಲ್ಲಿ ಸೇನೆ ನಡೆಸಿದ್ದ ಒಬ್ಬ ಜನರಲ್, ಮೆಡಲ್ ಆಫ್ ಆನರ್ ಪಡೆದ ಒಬ್ಬರು. ಎಲ್ಲರೂ ಬೇಡ ಅಂದ್ರು. ಆ ಪದಕಕ್ಕೆ ಎಳ್ಳಷ್ಟೂ ಸಂಶಯ ಇರಬಾರದು ಅನ್ನೋ ನಿಯಮ. ಆದ್ರೆ ಅದೇ ಸರ್ಕಾರ ಕೊಟ್ಟ ನೇವಿ ಕ್ರಾಸ್‌ನ ಪ್ರಶಸ್ತಿ ಪತ್ರ ಓದಿ. ಅವನು ಹಿಂದೆಮುಂದೆ ನೋಡದೆ ಕೈ ಚಾಚಿ ಗ್ರನೇಡ್ ಎಳ್ಕೊಂಡ ಅಂತ ಅದರಲ್ಲೇ ಬರೆದಿದೆ! ಮಾಡಿದ ಅಂತಲೂ ಹೇಳ್ತಾರೆ, ಮಾಡಿದ ಅಂತ ನಂಬೋಕೆ ಆಗಲ್ಲ ಅಂತಲೂ ಹೇಳ್ತಾರೆ.

ಅನಸ್ತೇಸಿಯಾ_ಅಣ್ಣ

ಕ್ಲೀವ್‌ಲ್ಯಾಂಡಿನಿಂದ. ವೈದ್ಯನಾಗಿ ಒಂದು ಟಿಪ್ಪಣಿ ಮಾತ್ರ. ತಲೆಗೆ ಗುಂಡಿನ ಚೂರು ಹೊಕ್ಕವರೆಲ್ಲ ಆ ಕ್ಷಣಕ್ಕೇ ಪ್ರಜ್ಞೆ ತಪ್ತಾರೆ ಅನ್ನೋದೂ ಸುಳ್ಳು, ಉದ್ದೇಶಪೂರ್ವಕ ಚಲನೆ ಸಾಧ್ಯವೇ ಇತ್ತು ಅಂತ ಎದೆ ತಟ್ಟಿ ಹೇಳೋದೂ ಸುಳ್ಳು. ಚೂರು ಎಲ್ಲಿಂದ ಹೊಕ್ಕಿತು, ಎಷ್ಟು ವೇಗದಲ್ಲಿತ್ತು, ಎಲ್ಲಿ ನಿಂತಿತು ಅನ್ನೋದರ ಮೇಲೆ ಹೋಗುತ್ತೆ. ಮರಣೋತ್ತರ ಪರೀಕ್ಷೆಯ ವರದಿ ಒಂದೇ ಇದ್ರೂ ಅದನ್ನ ಓದಿದ ತಜ್ಞರು ಬೇರೆಬೇರೆ ತೀರ್ಮಾನಕ್ಕೆ ಬಂದ್ರು, ಇದರಲ್ಲಿ ನನಗೇನೂ ಆಶ್ಚರ್ಯ ಇಲ್ಲ. ಆಸ್ಪತ್ರೇಲಿ ದಿನಾ ಆಗೋದೇ ಅದು.

ಸುಮ್ನೆ_ಓದುವವ

ಭಾವುಕತೆ ಸಾಕು ಅನ್ನಿಸಿದ್ದಕ್ಕೆ ಬರೀತಿದೀನಿ, ಬೈಯ್ಕೊಳ್ಳಿ ಪರ್ವಾಗಿಲ್ಲ.

ಇರಾಕಿನಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಅಂತ ಹೇಳಿ ಶುರು ಮಾಡಿದ ಯುದ್ಧ ಅದು. ಅಸ್ತ್ರ ಸಿಗಲಿಲ್ಲ. ಫಲೂಜಾ ಸುಮಾರು ಮೂರು ಲಕ್ಷ ಜನ ಇದ್ದ ಊರು. 2004ರ ಮಾರ್ಚ್ ಕೊನೇಲಿ ಅಲ್ಲಿ ನಾಲ್ವರು ಖಾಸಗಿ ಭದ್ರತಾ ಸಿಬ್ಬಂದಿಯನ್ನ ಕೊಂದು ಅವರಲ್ಲಿ ಇಬ್ಬರ ಹೆಣಗಳನ್ನ ಸೇತುವೆಗೆ ನೇತು ಹಾಕಿದ್ರು, ಏಪ್ರಿಲ್‌ನಲ್ಲಿ ಒಮ್ಮೆ ದಾಳಿ ಮಾಡಿ ಅರ್ಧಕ್ಕೆ ಬಿಟ್ರು, ನವೆಂಬರ್‌ನಲ್ಲಿ ಪೂರ್ತಿ ನುಗ್ಗಿದ್ರು. ಹೆಚ್ಚಿನ ಜನ ಮೊದಲೇ ಊರು ಬಿಟ್ಟಿದ್ರು, ಆದ್ರೆ ಎಲ್ಲರೂ ಅಲ್ಲ. ಮೈ ಸುಡೋ ಬಿಳಿ ರಂಜಕ (ವೈಟ್ ಫಾಸ್ಫರಸ್) ಬಳಸಿದ್ದನ್ನ ಮರು ವರ್ಷ ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ನೇ ಒಪ್ಪಿಕೊಳ್ತು. ಸಾವಿರಾರು ಮನೆ ನೆಲಕ್ಕೆ ಬಿದ್ವು.

ಸುಮಾ ಅವರೇ, ನೀವು ಏಳನೇ ಮನೆ ಅಂದ್ರಿ. ಆ ಮನೆ ಯಾರದ್ದು?

ಬಯಲುಸೀಮೆ_ಬಾಲು

ಶುರುವಾಯ್ತಪ್ಪ. ಒಬ್ಬ ಹುತಾತ್ಮನ ಬಗ್ಗೆ ಬರೆದ್ರೂ ನಿಮಗೆ ರಾಜಕೀಯ ಬೇಕಾ? ಇಂಥ ದಿನವಾದ್ರೂ ಬಿಡಿ ಸ್ವಾಮಿ.

ಸುಮ್ನೆ_ಓದುವವ

ಸತ್ತವನನ್ನ ನೆನೆಯೋದು, ಅವನು ಎಲ್ಲಿ ಯಾಕೆ ಸತ್ತ ಅನ್ನೋದನ್ನ ಮರೆಯೋದು, ಎರಡೂ ಒಟ್ಟಿಗೆ ಹೇಗಾಗುತ್ತೆ ಬಾಲು?

ಮಾಡರೇಟರ್_೨

ಇರಾಕ್ ಯುದ್ಧದ ಸರಿ-ತಪ್ಪಿಗೆ ಬೇರೆ ಎಳೆ ಇದೆ. ಆದರೂ ಆ ಪ್ರಶ್ನೆ ಇಲ್ಲಿ ಇರಲಿ, ಅಳಿಸುವುದಿಲ್ಲ. ವೈಯಕ್ತಿಕ ಬೈಗುಳ ಬಂದರೆ ಅಳಿಸುತ್ತೇವೆ.

ಸುಮಾ_ಸ್ಯಾನ್‌ಡಿಯಾಗೊ

ಬಾಲು, ಬಿಡಿ, ಅವರು ಕೇಳಿದ್ದು ನ್ಯಾಯವಾಗೇ ಇದೆ.

ಆ ಮನೆ ಯಾರದ್ದು ಅಂತ ಯಾವ ಪ್ರಶಸ್ತಿ ಪತ್ರದಲ್ಲೂ ಬರೆದಿರಲ್ಲ. ಅಲ್ಲೂ ಯಾರೋ ಅಡಿಗೆ ಮಾಡ್ತಿದ್ರು, ಹಿಂಬದಿ ಕೋಣೇಲಿ ಹಾಸಿಗೆ ಹಾಸ್ತಿದ್ರು. ಆ ಯುದ್ಧವೇ ಬೇಡಾಗಿತ್ತು ಅಂತ ನನಗೂ ಅನ್ಸುತ್ತೆ. ಇಲ್ಲಿ ನಮ್ಮ ಅಕ್ಕಪಕ್ಕ ಇರೋ ಮರೀನ್ ಕುಟುಂಬಗಳಲ್ಲೇ ಹಾಗನ್ನೋರು ಕಮ್ಮಿ ಇಲ್ಲ. ಆದ್ರೆ ಯುದ್ಧ ತಪ್ಪು ಅಂತ ತೀರ್ಮಾನ ಆದ ಮೇಲೆ, ಹಿಂದಿನ ರಾತ್ರಿ ಬೇರೆಯವರು ಮಲಗ್ಲಿ ಅಂತ ತಾನು ಎದ್ದಿದ್ದ ಹುಡುಗನನ್ನ ಏನು ಮಾಡ್ತೀರಿ? ಅವನನ್ನೂ ಆ ತಪ್ಪಿನ ಖಾತೆಗೇ ಬರೀತೀರಾ? ನನಗೆ ಆಗಲ್ಲ.

ಗ್ರನೇಡಿನ ವಿಷಯಕ್ಕೆ ನರತಜ್ಞರು ಬೇಕಾದ್ರು. ಆ ರಾತ್ರಿಯ ಕಾವಲಿಗೆ ಯಾರೂ ಬೇಕಿಲ್ಲ. ಅದನ್ನು ಇವತ್ತಿಗೂ ಯಾರೂ ಅಲ್ಲಗಳೆದಿಲ್ಲ. ನಾನು ಅವನನ್ನ ನೆನೆಯೋದಾದ್ರೆ ಅದಕ್ಕೇ.

ಇತಿಹಾಸ_ಇಷ್ಟ

ಅಲ್ಲಗಳೆದಿದ್ದರ ಬಗ್ಗೆ ಪೂರ್ತಿ ಚಿತ್ರ ಬೇಕಲ್ವಾ? 2014ರಲ್ಲಿ, ಅಂದು ಅವನ ಜೊತೆಗಿದ್ದ ಇಬ್ಬರು ಮರೀನ್‌ಗಳು ಪತ್ರಿಕೆಯೊಂದಕ್ಕೆ ಬೇರೆ ಮಾತು ಹೇಳಿದ್ರು. ಅವನು ಗ್ರನೇಡ್ ಎಳ್ಕೊಳ್ಳಲಿಲ್ಲ, ಸತ್ತವನ ಗೌರವಕ್ಕೆ ಅಂತ ಆ ಕಥೆ ಹುಟ್ಟಿಕೊಂಡಿತು ಅನ್ನೋ ಅರ್ಥದಲ್ಲಿ. ಉಳಿದವರು ತಮ್ಮ ಮೊದಲ ಹೇಳಿಕೆಗೇ ಅಂಟಿಕೊಂಡ್ರು. ಕ್ಯಾಲಿಫೋರ್ನಿಯಾದ ಸಂಸದರು ಎಷ್ಟೋ ಒತ್ತಾಯ ಮಾಡಿದ್ರು, ಗೇಟ್ಸ್ ಆದ್ಮೇಲೆ ರಕ್ಷಣಾ ಕಾರ್ಯದರ್ಶಿಗಳಾಗಿ ಪನೆಟ್ಟಾ ಬಂದ್ರು, ಹೇಗಲ್ ಬಂದ್ರು, ಇಬ್ಬರೂ ಗೇಟ್ಸ್ ತೀರ್ಮಾನ ಬದಲಿಸಲಿಲ್ಲ.

ಪೆರಾಲ್ಟಾ ಸತ್ತ 2004ರಲ್ಲೇ, ಫಲೂಜಾ ಇರೋ ಅನ್ಬಾರ್ ಪ್ರಾಂತ್ಯದಲ್ಲೇ ನಡೆದ ಇನ್ನೊಂದು ಪ್ರಕರಣ ನೋಡಿ. ಕಾರ್ಪೊರಲ್ ಜೇಸನ್ ಡನ್ಹಮ್, 22 ವರ್ಷ, ನ್ಯೂಯಾರ್ಕ್ ರಾಜ್ಯದ ಸೈಯೋ ಅನ್ನೋ ಪುಟ್ಟ ಊರಿನವ. ಹುಟ್ಟಿದ್ದು ನವೆಂಬರ್ 10, ಅಂದ್ರೆ ಮರೀನ್ ಕೋರ್ ಹುಟ್ಟಿದ ದಿನವೇ. ಸಿರಿಯಾ ಗಡಿ ಹತ್ತಿರ 2004ರ ಏಪ್ರಿಲ್ 14ರಂದು ವಾಹನ ತಪಾಸಣೆ ಮಾಡ್ತಿದ್ದಾಗ ಒಬ್ಬ ಮೇಲೆರಗಿದ. ಕೈಕೈ ಮಿಲಾಯಿಸಿದಾಗ ಅವನ ಕೈಯಿಂದ ಗ್ರನೇಡ್ ಉರುಳಿತು. ಡನ್ಹಮ್ ತನ್ನ ಹೆಲ್ಮೆಟ್ಟನ್ನ ಅದರ ಮೇಲೆ ಕವುಚಿ ಮೇಲೆ ಬಿದ್ದ. ಪಕ್ಕದಲ್ಲಿದ್ದ ಇಬ್ಬರು ಗಾಯಗೊಂಡು ಬದುಕಿದ್ರು. ಅವನು ಎಂಟು ದಿನ ಆದ್ಮೇಲೆ ಬೆಥೆಸ್ಡಾದ ನೌಕಾ ಆಸ್ಪತ್ರೆಯಲ್ಲಿ ಅಪ್ಪ-ಅಮ್ಮನ ಎದುರು ಸತ್ತ. 2007ರ ಜನವರಿಯಲ್ಲಿ ಅವನ ಮನೆಯವರಿಗೆ ಮೆಡಲ್ ಆಫ್ ಆನರ್ ಕೊಟ್ರು.

ಡನ್ಹಮ್ ವಿಷಯದಲ್ಲಿ ಚೂರುಚೂರಾದ ಹೆಲ್ಮೆಟ್ಟು ಸಾಕ್ಷಿ ಹೇಳ್ತು. ಪೆರಾಲ್ಟಾ ವಿಷಯದಲ್ಲಿ ಅವನ ಮೈಯೇ ಸಾಕ್ಷಿ, ಅದನ್ನ ಓದೋದರಲ್ಲೇ ಭಿನ್ನಾಭಿಪ್ರಾಯ.

ಕಾಫಿಸೀಮೆ

ಈ ಎಳೆಯನ್ನು ಮೊದಲಿಂದ ಓದ್ತಾ ನಮ್ಮ ಅಜ್ಜಮಾಡ ದೇವಯ್ಯ ಅವರ ನೆನಪಾಗ್ತಾ ಇದೆ. ಕೊಡಗಿನವರಿಗೆ ಗೊತ್ತು, ಉಳಿದವರಿಗಾಗಿ ಬರೀತೀನಿ.

1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ನಮ್ಮ ಮಿಸ್ಟೀರ್ ವಿಮಾನಗಳ ದಾಳಿ. ಸ್ಕ್ವಾಡ್ರನ್ ಲೀಡರ್ ದೇವಯ್ಯ ಆ ತಂಡದ ಮೀಸಲು ಪೈಲಟ್. ಯಾರಾದ್ರೂ ಹಿಂದೆ ಉಳಿದ್ರೆ ಮಾತ್ರ ಹೋಗಬೇಕಾದವರು, ಹೋದ್ರು. ಅಲ್ಲಿ ಅವರ ಮೇಲೆ ಬಿದ್ದದ್ದು ಸ್ಟಾರ್‌ಫೈಟರ್. ನಮ್ಮ ಮಿಸ್ಟೀರ್‌ಗಿಂತ ಎಷ್ಟೋ ವೇಗದ, ಹೊಸ ವಿಮಾನ. ಪೆಟ್ಟು ತಿಂದ ವಿಮಾನದಲ್ಲೇ ದೇವಯ್ಯ ತಿರುಗಿ ಕಾದಾಡಿ ಅದನ್ನ ಹೊಡೆದು ಉರುಳಿಸಿದ್ರು. ಆ ಪೈಲಟ್ ಪ್ಯಾರಾಶೂಟಿನಲ್ಲಿ ಇಳಿದು ಬದುಕಿದ. ದೇವಯ್ಯ ವಾಪಸ್ ಬರಲಿಲ್ಲ.

ನಮ್ಮವರು ಯಾರೂ ಅದನ್ನ ಕಂಡಿರಲಿಲ್ಲ. ಕಾಗದದಲ್ಲಿ ಅವರು ಕಾಣೆಯಾದವರು, ಅಷ್ಟೇ. ಅಲ್ಲಿ ಏನಾಯ್ತು ಅಂತ ಗೊತ್ತಾಗಿದ್ದು ಎದುರಾಳಿಯ ಕಡೆಯಿಂದ, ಎಷ್ಟೋ ವರ್ಷ ಆದ್ಮೇಲೆ. 1988ರಲ್ಲಿ ಮಹಾವೀರ ಚಕ್ರ ಬಂತು. 23 ವರ್ಷ! ಪ್ರಶಸ್ತಿ ತಗೊಂಡಿದ್ದು ಅವರ ಪತ್ನಿ. ಇವತ್ತು ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತ ಇದೆ, ಬಸ್ ಹಿಡಿಯೋರೆಲ್ಲ ಅದನ್ನ ಸುತ್ತಿ ಹೋಗ್ತಾರೆ.

ಹಾಗಾಗಿ ಸುಮಾ ಅವರೇ, ಪದಕ ಬೇಕಿಲ್ಲ ಅನ್ನೋ ಮಾತು ನಾನು ಒಪ್ಪಲ್ಲ. ಆ 23 ವರ್ಷ ಆ ಮನೆಯವರಿಗೆ ಹೇಗಿದ್ದಿರಬೇಕು? ನೆನಪು ಮನಸ್ಸಿನಲ್ಲಿದ್ರೆ ಸಾಕು ಅಂತ ಹೊರಗಿನವರು ಹೇಳಬಹುದು.

ಹಳೇಸ್ಯಾಪರ್

ದೇವಯ್ಯ ಅವರ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಭಾರತೀಯ ವಾಯುಪಡೆಯಲ್ಲಿ ಮರಣೋತ್ತರ ಮಹಾವೀರ ಚಕ್ರ ಪಡೆದವರು ಅವರೊಬ್ಬರೇ. ಒಂದು ವ್ಯತ್ಯಾಸ ಗಮನಿಸಿ. ಅಲ್ಲಿ ಸಾಕ್ಷಿ ಇರಲಿಲ್ಲ, ಆಮೇಲೆ ಸಿಕ್ಕಿತು, ಕಡತ ತೆರೆದರು. ಈ ಹುಡುಗನ ವಿಷಯದಲ್ಲಿ ಸಾಕ್ಷಿ ಮೊದಲೇ ಇತ್ತು, ಆಮೇಲೆ ಗೋಜಲಾಯಿತು. ತಡವಾಗಿ ಬಂದ ಸಾಕ್ಷಿಗೆ ಬೆಲೆ ಇದೆ, ಕಲೆಸಿಹೋದ ಸಾಕ್ಷಿಯನ್ನು ಮತ್ತೆ ಬಿಡಿಸಿ ಜೋಡಿಸಲು ಯಾವ ಸಮಿತಿಗೂ ಆಗುವುದಿಲ್ಲ.

ಮತ್ತೊಂದು. ಬೇರೆ ದೇಶದಲ್ಲಿ ಹುಟ್ಟಿದವನು ಇನ್ನೊಂದು ದೇಶದ ಸೈನ್ಯದಲ್ಲಿ ಸಾಯುವುದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಬಹುದು. ನಮ್ಮ ಗೂರ್ಖಾ ರೆಜಿಮೆಂಟುಗಳಲ್ಲಿ ನೇಪಾಳದ ಹುಡುಗರು ಎಷ್ಟು ತಲೆಮಾರಿನಿಂದ ಇದ್ದಾರೆ ನೋಡಿ. ಬಂಕರಿನಲ್ಲಿ ಪಾಸ್‌ಪೋರ್ಟು ಯಾರೂ ಕೇಳುವುದಿಲ್ಲ.

ಧಾರವಾಡ_ಫೇಡೆ

ಸುಬೇದಾರ್ ಸಾಹೇಬ್ರ, ಕೊನೇ ಮಾತು ಖರೇ ಅನಸ್ತು. ಅಂದಂಗ ಸುಮಾ ಅಕ್ಕಾರ, ಆ ತಾಯಿ ಕಡೀಕ ಪದಕ ತಗೊಂಡ್ರೋ ಇಲ್ಲೋ? ಅದನ್ನ ಅರ್ಧಕ್ಕ ಬಿಟ್ರಿ.

ಸುಮಾ_ಸ್ಯಾನ್‌ಡಿಯಾಗೊ

ತಗೊಂಡ್ರು. 2015ರ ಜೂನ್‌ನಲ್ಲಿ, ಮರೀನ್‌ಗಳ ನೆಲೆ ಕ್ಯಾಂಪ್ ಪೆಂಡಲ್ಟನ್‌ನಲ್ಲಿ ನಡೆದ ಸಮಾರಂಭದಲ್ಲಿ. ಅದಕ್ಕೂ ಮುಂಚೆ, 2012ರಲ್ಲೇ, ನೌಕಾಪಡೆಯ ಹೊಸ ಯುದ್ಧನೌಕೆಗೆ ಅವನ ಹೆಸರಿಡೋದಾಗಿ ಘೋಷಣೆ ಆಗಿತ್ತು. ಮೇಯ್ನ್ ರಾಜ್ಯದ ಬಾತ್‌ನಲ್ಲಿ ಕಟ್ಟಿದ ಹಡಗು, 2015ರ ಕೊನೆಗೆ ಅವನ ತಾಯಿಯೇ ಅದರ ಮೂತಿಗೆ ಶ್ಯಾಂಪೇನ್ ಬಾಟಲಿ ಒಡೆದು ನಾಮಕರಣ ಮಾಡಿದ್ರು. 2017ರ ಜುಲೈನಲ್ಲಿ ಇಲ್ಲೇ ಸ್ಯಾನ್ ಡಿಯಾಗೋದಲ್ಲಿ ಸೇವೆಗೆ ಸೇರಿತು. ಆಮೇಲೆ ಅದು ಜಪಾನಿನ ಯೊಕೊಸುಕಾಗೆ ಹೋಯ್ತು. ಓಕಿನಾವಾದ ಮರೀನ್ ನೆಲೆಯ ಒಂದು ಕಟ್ಟಡಕ್ಕೂ ಪೆರಾಲ್ಟಾ ಹಾಲ್ ಅಂತ ಹೆಸರು.

ತಮಾಷೆ ನೋಡಿ, ಪದಕ ಕೊಡೋಕೆ ಸಂಶಯ, ಹಡಗಿಗೆ ಹೆಸರಿಡೋಕೆ ಸಂಶಯ ಇಲ್ಲ.

ಕಾಫಿಸೀಮೆಯವರೇ, ಪದಕವೇ ಬೇಕಿಲ್ಲ ಅಂತ ನಾನು ಹೇಳ್ತಿಲ್ಲ. ತಾಯಿ ಏಳು ವರ್ಷ ಬೇಡ ಅಂದಿದ್ದನ್ನ ಹಟ ಅಂತ ಕೆಲವರು ಬರೆದ್ರು. ಹಟ ಹೇಗಾಗುತ್ತೆ? ಚಿಕ್ಕ ಪದಕ ತಗೊಂಡ್ರೆ, ನನ್ನ ಮಗ ಗ್ರನೇಡ್ ಎಳ್ಕೊಂಡಿದ್ದು ಅನುಮಾನ ಅಂತ ಅವಳೇ ಸಹಿ ಹಾಕಿದಂಗೆ. ನಾನಾದ್ರೂ ತಗೊಳ್ತಿರಲಿಲ್ಲ.

ಅವನು ಸಾಯೋದಕ್ಕೆ ಸ್ವಲ್ಪ ಮೊದಲು ತಮ್ಮನಿಗೆ ಒಂದು ಕಾಗದ ಬರೆದಿದ್ದ. ನನ್ನ ಬಗ್ಗೆ ಹೆಮ್ಮೆ ಇರ್ಲಿ, ಅಮೆರಿಕನ್ ಆಗಿರೋದಕ್ಕೂ ಹೆಮ್ಮೆ ಇರ್ಲಿ ಅನ್ನೋ ಅರ್ಥದ್ದು. ಆ ತಮ್ಮ ಆಗ ಸ್ಕೂಲು ಹುಡುಗ. ದೊಡ್ಡವನಾಗಿ ಅವನೂ ಮರೀನ್ ಸೇರಿದ. ಆ ತಾಯಿ ಎರಡನೇ ಮಗನನ್ನೂ ಕಳಿಸಿಕೊಟ್ರು, ಅದನ್ನ ನೆನೆಸ್ಕೊಂಡ್ರೆ ನನ್ನ ಕೈಲಿ ಆಗಲ್ಲ.

ಎಡಿಸನ್_ಅಮ್ಮ

ಕೊನೇ ಸಾಲು ಓದಿ ಬರೀಲೇಬೇಕು ಅನ್ನಿಸ್ತು. ಇಲ್ಲೀತನಕ ಬರೀ ಓದ್ತಿದ್ದೆ.

ನನ್ನ ಮಗನಿಗೆ ಈ ಬೇಸಿಗೆ 18 ತುಂಬುತ್ತೆ. ಮರೀನ್ ಸೇರ್ತೀನಿ ಅಂತಾನೆ. ಕಾಲೇಜಿನಿಂದ ಅಡ್ಮಿಷನ್ ಪತ್ರಗಳು ಬಂದು ಫ್ರಿಜ್ ಮೇಲೆ ಅಂಟಿಸಿವೆ, ಅದರ ಪಕ್ಕದಲ್ಲೇ ಮರೀನ್ ಕೋರ್‌ನ ಒಂದು ಕರಪತ್ರ ತಂದು ಅಂಟಿಸಿದಾನೆ. ಅವರಪ್ಪ ಮಾತು ಬಿಟ್ಟು ಕೂತಿದಾರೆ. ಊರಲ್ಲಿ ಅತ್ತೆಗೆ ಗೊತ್ತಾದ್ರೆ ಏನು ಹೇಳ್ತಾರೋ. ನಾವು ಗ್ರೀನ್ ಕಾರ್ಡ್‌ನವರು, ಸಿಟಿಜನ್ ಆಗಿಲ್ಲ. ಸೆಲೆಕ್ಟಿವ್ ಸರ್ವಿಸ್‌ಗೆ ಹೆಸರು ಕೊಡ್ಬೇಕು ಅಂತ ಬೇರೆ ಹೇಳ್ತಾನೆ. ಹಾಗಂದ್ರೆ ಕರ್ಕೊಂಡೇ ಹೋಗ್ತಾರಾ?

ಬಯಲುಸೀಮೆ_ಬಾಲು

ಅಕ್ಕ, ನೇರವಾಗಿ ಹೇಳ್ತೀನಿ. ನಮ್ಮ ಮಕ್ಕಳು ಯಾಕ್ರೀ ಅವರ ಯುದ್ಧಕ್ಕೆ ಹೋಗ್ಬೇಕು? ಓದ್ಸಿ, ಕೆಲಸಕ್ಕೆ ಹಚ್ಚಿ.

ಸುಮ್ನೆ_ಓದುವವ

ಬಾಲು, ಮೇಲೆ ಹುತಾತ್ಮ ಅಂತ ನನ್ನ ಬಾಯಿ ಮುಚ್ಚಿಸೋಕೆ ಬಂದವರು ನೀವೇ. ಮೆಕ್ಸಿಕೋದವಳ ಮಗ ಹೋದ್ರೆ ಹುತಾತ್ಮ, ನಮ್ಮನೆ ಮಗ ಹೋಗ್ತೀನಿ ಅಂದ್ರೆ ಓದ್ಸಿ ಅಂತೀರಿ. ಯುದ್ಧ ಬೇಡ ಅಂತ ಹೇಳೋ ನಾನೂ ಈ ಲೆಕ್ಕ ಒಪ್ಪಲ್ಲ.

ಇತಿಹಾಸ_ಇಷ್ಟ

ಅಮ್ಮ, ಗಾಬರಿ ಬೇಡ. ಸೆಲೆಕ್ಟಿವ್ ಸರ್ವಿಸ್ ಅಂದ್ರೆ ಹೆಸರು ನೋಂದಣಿ ಮಾತ್ರ. 18ರಿಂದ 25ರ ಗಂಡುಮಕ್ಕಳೆಲ್ಲರದ್ದೂ ಅದರಲ್ಲಿರಬೇಕು, ಗ್ರೀನ್ ಕಾರ್ಡ್‌ನವರೂ ಸೇರಿ. ಓದೋಕೆ ಬರೋ ಎಫ್-1, ಕೆಲಸಕ್ಕೆ ಬರೋ ಎಚ್-1 ವೀಸಾದವರಿಗೆ ಇಲ್ಲ. ಕಡ್ಡಾಯ ಸೇನಾ ಸೇವೆ 1973ರಲ್ಲೇ ನಿಂತಿದೆ. ನೋಂದಣಿ ಮಾಡದೇ ಇದ್ರೇ ತೊಂದರೆ, ನಾಳೆ ಪೌರತ್ವದ ಅರ್ಜೀಲಿ ಕೇಳ್ತಾರೆ.

ಮರೀನ್ ಸೇರೋದು ಬೇರೆ, ಅದು ಅವನ ಇಚ್ಛೆ. 17 ಆಗಿದ್ರೆ ಅಪ್ಪ-ಅಮ್ಮನ ಸಹಿ ಬೇಕಿತ್ತು, 18 ಆದ್ಮೇಲೆ ಬೇಕಿಲ್ಲ. ಗ್ರೀನ್ ಕಾರ್ಡ್‌ನವರು ಸೇರಬಹುದು. 2002ರ ಜುಲೈನಲ್ಲಿ ಬುಷ್ ಹೊರಡಿಸಿದ ಆದೇಶದಿಂದ ಸೇವೆಯಲ್ಲಿರೋರಿಗೆ ಪೌರತ್ವದ ದಾರಿ ಹತ್ತಿರ ಆಯ್ತು. ಆ ದಾರಿಯ ಇನ್ನೊಂದು ತುದಿಯೂ ಇದೆ. 2003ರ ಮಾರ್ಚ್‌ನಲ್ಲಿ ಇರಾಕ್ ಯುದ್ಧ ಶುರುವಾಗ್ತಿದ್ದಂಗೇ ಸತ್ತವರಲ್ಲಿ ಹೊಸೆ ಗುಟಿಯೆರೆಸ್ ಅನ್ನೋ ಮರೀನ್ ಇದ್ದ. ಗ್ವಾಟೆಮಾಲಾದ ಅನಾಥ, ಹದಿಹರೆಯದಲ್ಲಿ ಕಾಗದಪತ್ರ ಇಲ್ಲದೆ ಗಡಿ ದಾಟಿ ಬಂದವ, ಆಮೇಲೆ ಗ್ರೀನ್ ಕಾರ್ಡ್ ಪಡೆದು ಸೈನ್ಯ ಸೇರಿದವ. ಪೌರತ್ವ ಸಿಕ್ಕಿದ್ದು ಸತ್ತ ಮೇಲೆ.

ಎಡಿಸನ್_ಅಮ್ಮ

ಮಾಹಿತಿಗೆ ಥ್ಯಾಂಕ್ಸ್. ಕೊನೇದನ್ನ ಅವರಪ್ಪನಿಗೆ ಓದಿ ಹೇಳಲ್ಲ.

ಹಳೇಸ್ಯಾಪರ್ ಸರ್, ನೀವು ಹಿರಿಯರು, ಸೈನ್ಯದಲ್ಲಿದ್ದವರು. ಒಂದೇ ಮಾತು ಹೇಳಿ. ಬೇಡ ಅನ್ನೋದು ತಪ್ಪಾ?

ಹಳೇಸ್ಯಾಪರ್

ತಪ್ಪಲ್ಲ ತಾಯಿ. ನಾನು ಭರ್ತಿಯಾಗಲು ಹೊರಟಾಗ ನನ್ನ ಅವ್ವ ಬಸ್‌ಸ್ಟ್ಯಾಂಡಿನವರೆಗೂ ಬೈಯುತ್ತಲೇ ಬಂದಿದ್ದಳು. ಅದರಿಂದ ನನಗೇನೂ ಕೆಡುಕಾಗಲಿಲ್ಲ. ಬೇಡ ಅನ್ನಿ, ಆದರೆ ಮಾತು ಬಿಡಬೇಡಿ. ಅವರಪ್ಪನಿಗೂ ಇದನ್ನೇ ಹೇಳಿ. ಮನೆಯಲ್ಲಿ ಮಾತು ನಿಂತರೆ ಹುಡುಗ ಭರ್ತಿ ಮಾಡಿಸುವವರ ಹತ್ತಿರ ಮಾತ್ರ ಮಾತಾಡುತ್ತಾನೆ, ಅವರಿಗೆ ಬೇಕಾದ್ದೂ ಅದೇ.

ಯಾಕೆ ಹೋಗುತ್ತೀಯ ಅಂತ ಕೇಳಿ. ಸಮವಸ್ತ್ರ ಚೆಂದ, ವಿಡಿಯೋ ನೋಡಿದೆ ಅಂದರೆ ಒಂದು ವರ್ಷ ತಡೆಯಿರಿ. ಬೇರೆ ಕಾರಣ ಹೇಳಿದರೆ ಪೂರ್ತಿ ಕೇಳಿಸಿಕೊಳ್ಳಿ. ಕಾಲೇಜು ಮುಗಿಸಿ ಅಧಿಕಾರಿಯಾಗಿ ಹೋಗುವ ದಾರಿಯೂ ಇದೆ, ಅದಕ್ಕೆ ಅಲ್ಲಿ ಪೌರತ್ವ ಬೇಕು, ಅಷ್ಟರಲ್ಲಿ ನಿಮ್ಮದು ಆಗಿರಬಹುದು.

ಇತಿಹಾಸ_ಇಷ್ಟ

ಅದರ ಜೊತೆಗೆ ಇದೊಂದು: ನಾಲ್ಕು ವರ್ಷ ಅಂತ ಹೇಳಿದ್ರೂ ಒಟ್ಟು ಬದ್ಧತೆ ಎಂಟು ವರ್ಷ. ಸಕ್ರಿಯ ಸೇವೆ ಮುಗಿದ ಮೇಲೆ ಉಳಿದದ್ದು ಮೀಸಲಿನಲ್ಲಿ, ಬೇಕಾದ್ರೆ ವಾಪಸ್ ಕರೀಬಹುದು. ಬಾಯಲ್ಲಿ ಕೊಟ್ಟ ಭರವಸೆಗೆ ಬೆಲೆ ಇಲ್ಲ, ಒಪ್ಪಂದದ ಕಾಗದದಲ್ಲಿ ಇದ್ದದ್ದಷ್ಟೇ ಲೆಕ್ಕ. ಸಹಿ ಹಾಕೋ ಮುಂಚೆ ಮನೆಗೆ ತಂದು ನಿಮ್ಮೆದುರು ಓದೋಕೆ ಹೇಳಿ.

ಎಡಿಸನ್_ಅಮ್ಮ

ಈ ಎಳೆಯ ಲಿಂಕ್ ಅವನಿಗೆ ಕಳಿಸಿದೆ. ಕನ್ನಡ ಓದೋಕೆ ಬರಲ್ಲ, ನಾನೇ ಓದಿ ಹೇಳ್ಬೇಕು. ಪೆರಾಲ್ಟಾ ಹೆಸರು ಅವನಿಗೆ ಮೊದಲೇ ಗೊತ್ತಂತೆ, ಹಡಗಿನ ಹೆಸರೂ ಗೊತ್ತು. ರಾತ್ರಿ ಕಾವಲಿನ ವಿಷಯ ಗೊತ್ತಿರಲಿಲ್ಲ. ಆ ಪ್ರಶಸ್ತಿ ಪತ್ರ ಪೂರ್ತಿ ಎಲ್ಲಿ ಸಿಗುತ್ತೆ ಅಂತ ಕೇಳ್ತಿದಾನೆ. ಮನೆ ಯಾರದ್ದು ಅನ್ನೋ ಪ್ರಶ್ನೇನೂ ಓದಿ ಹೇಳಿದೆ, ಅದಕ್ಕಿನ್ನೂ ಏನೂ ಹೇಳಿಲ್ಲ.

ಸುಮಾ_ಸ್ಯಾನ್‌ಡಿಯಾಗೊ

ನಿಮಗೆ ಖಾಸಗಿ ಸಂದೇಶದಲ್ಲಿ ಕಳಿಸಿದೀನಿ, ನೋಡಿ. ಒಂದೇ ಪುಟ ಇದೆ. ಇಬ್ಬರೂ ಒಟ್ಟಿಗೇ ಓದಿ.